ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ಏನಾಗುತ್ತದೆ?

ಮೈಸೂರಿನ ಅಗ್ರಹಾರದಲ್ಲಿ ನಮ್ಮ ತಾತನ ಮನೆ ಇದೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ. ಸುಮಾರು 15 ವರ್ಷದ ಹಿಂದೆ ನಡುಮನೆಯ ಗೋಡೆಯ ಬುಡದಲ್ಲಿ ತೇವ ಕಾಣಿಸಿತು. ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಗೋಡೆಯನ್ನು ಉಗುರಿನಿಂದ ಕೆರೆದು, ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿ, "ಹಳೇ ಗಾರೆ ಸತ್ತುಹೋಗಿದೆ ಸಾರ್. ಸಿಮೆಂಟ್ ಹಾಕಿಬಿಡೋಣ, ಇನ್ನು 50 ವರ್ಷ ಮುಟ್ಟೋ ಹಾಗಿಲ್ಲ" ಅಂದರು. ನಾವು ಖುಷಿಯಾಗಿ ಒಪ್ಪಿಕೊಂಡೆವು. ಮೂರಡಿ ಎತ್ತರಕ್ಕೆ ಸಿಮೆಂಟ್ ಬಂತು. ಅದರ ಮೇಲೆ ಒರೆಸಿದರೆ ಹೊಳೆಯುವ ಪೇಂಟ್ ಬಂತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇವ ಮೂರಡಿ ದಾಟಿ ಐದಡಿಗೆ ಏರಿತ್ತು. ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಚುಚ್ಚಿದರೆ ಬಿಳಿ ಉಪ್ಪು ಉದುರುತ್ತಿತ್ತು. ಒಂದು ಕಡೆ ಸಿಮೆಂಟ್ ಕಿತ್ತು ನೋಡಿದೆವು. ಸಿಮೆಂಟ್ ಮಾತ್ರ ಕಲ್ಲಿನಂತೆ ಗಟ್ಟಿಯಾಗೇ ಇತ್ತು. ಅದರ ಹಿಂದಿನ ಇಟ್ಟಿಗೆ ರವೆಯಾಗಿತ್ತು.

ಹಳೇ ಕಟ್ಟಡಗಳ ಬಗ್ಗೆ ನಾನು ಓದಲು, ಕಂಡವರನ್ನು ಕೇಳಲು ಶುರು ಮಾಡಿದ್ದು ಆಮೇಲೆ. ನಮ್ಮ ಒಂದು ಗೋಡೆಗೆ ಆದದ್ದೇ ಊರಿನ ಹಳೇ ಪೇಟೆಗಳಿಗೂ ದೊಡ್ಡ ಮಟ್ಟದಲ್ಲಿ ಆಗುತ್ತಿದೆ ಅನ್ನೋದು ಆಗ ಗೊತ್ತಾಯಿತು.

ಗೋಡೆ ಅಂದರೆ ನೀರನ್ನು ಒಳಗೆ ಬಿಡದ ತಡೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸಿಮೆಂಟ್ ಕಟ್ಟಡಕ್ಕೆ ಆ ಲೆಕ್ಕ ಸರಿ. ಸುಣ್ಣದ ಗೋಡೆಯ ಲೆಕ್ಕವೇ ಬೇರೆ. ಅದು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಹಳೇ ಮನೆಗಳ ಪಾಯದಲ್ಲಿ ತೇವ ತಡೆಯುವ ಪದರ ಇರುವುದು ಅಪರೂಪ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ನೆಲದ ನೀರು ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಹೊರಗಿನ ಗಾರೆ ಸುಣ್ಣದ್ದಾದರೆ ಒಂದೆರಡು ಅಡಿ ಏರುವಷ್ಟರಲ್ಲಿ ಆವಿಯಾಗಿ ಹೋಗಿಬಿಡುತ್ತದೆ. ಸಿಮೆಂಟ್ ಬಳಿದಾಗ ಆ ಬಾಗಿಲು ಮುಚ್ಚುತ್ತದೆ. ನೀರು ಸುಮ್ನೆ ಕೂರುವುದಿಲ್ಲ, ದಾರಿ ಸಿಗುವ ತನಕ ಏರುತ್ತಲೇ ಇರುತ್ತದೆ. ಜೊತೆಗೆ ನೆಲದ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದ ಕಡೆ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆಯುತ್ತಾ ಹೋದಂತೆ ಇಟ್ಟಿಗೆಯ ರಂಧ್ರ ಒಳಗಿನಿಂದಲೇ ಸಿಡಿಯುತ್ತದೆ.

ಮೇಸ್ತ್ರಿ ಅಂಗೈಯಲ್ಲಿ ತೋರಿಸಿದ ಪುಡಿ ಇದೆಯಲ್ಲ, ಅದು ಸತ್ತ ಗಾರೆಯಲ್ಲ, ಕೆಲಸ ಮಾಡುತ್ತಿದ್ದ ಗಾರೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಉಪ್ಪು ಬಂದಾಗ, ಗೋಡೆ ಚೂರು ಅಲುಗಾಡಿದಾಗ ತಾನು ಉದುರಿ ಇಟ್ಟಿಗೆಯನ್ನು ಉಳಿಸುತ್ತದೆ. ಉದುರಿದ ಗಾರೆಯನ್ನು ಮತ್ತೆ ತುಂಬಬಹುದು. ಉದುರಿದ ಇಟ್ಟಿಗೆಯನ್ನು ಏನು ಮಾಡೋಣ?

ಸುಣ್ಣದ ರಸಾಯನ ಸ್ವಲ್ಪ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದ್ದು ಅರಳುತ್ತದೆ. ಮರಳು ಸೇರಿಸಿ ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅಂದರೆ ಕಲ್ಲನ್ನು ಹಿಟ್ಟು ಮಾಡಿ, ಬೇಕಾದ ಆಕಾರಕ್ಕೆ ತಂದು, ಮತ್ತೆ ಕಲ್ಲು ಮಾಡುವ ವಿದ್ಯೆ ಇದು. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮಳೆನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಹೋಗಿ ಕೂತು ಬಿರುಕನ್ನು ಮುಚ್ಚುವುದೂ ಉಂಟು.

ಇಟ್ಟಿಗೆ ಪುಡಿ ಸೇರಿಸಿದರೆ ಅದು ಸುರ್ಕಿ ಗಾರೆ. ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೇ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು ಅಂತ ಅಜ್ಜಂದಿರು ಹೇಳುತ್ತಿದ್ದದ್ದೂ ಕಟ್ಟುಕಥೆಯಲ್ಲ. ಗಾರೆಗೆ ಅಂಟು, ನಯ ಬರುತ್ತಿದ್ದದ್ದು ಅದರಿಂದಲೇ. ಎತ್ತು ಕಟ್ಟಿದ ಗಾಣದಲ್ಲಿ ಗಂಟೆಗಟ್ಟಲೆ ಅರೆಯುತ್ತಿದ್ದರು. ಬೇಗ ಮುಗಿಸುವ ಕೆಲಸವೇ ಅಲ್ಲ ಅದು.

ಇನ್ನು ಮೇಲಿನ ತಾರಸಿ. ಮದ್ರಾಸ್ ತಾರಸಿಯಲ್ಲಿ ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿದ ಪದರ. ಅದನ್ನು ಮರದ ಹಲಗೆಯಿಂದ ದಿನಗಟ್ಟಲೆ ಬಡಿದು ಬಿಗಿ ಮಾಡುತ್ತಾರೆ. ಈ ತಾರಸಿಯ ಜೀವ ಇರುವುದು ತೊಲೆಯ ತುದಿಯಲ್ಲಿ. ಗೋಡೆಯೊಳಗೆ ಹೊಕ್ಕ ಆ ಒಂದಡಿ ತುದಿ ತೇವ ಹಿಡಿದು ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಗುಂಡುಕಲ್ಲಿನ ಹಾಗೆ ಕಾಣುತ್ತದೆ. ಹಿಡಿದುಕೊಂಡಿರುವ ತುದಿ ಮಾತ್ರ ಒಳಗೆ ಬೂದಿಯಾಗಿರುತ್ತದೆ. ಅದಕ್ಕೇ ತಿಳಿದವರು ಬಂದರೆ ಮೊದಲು ತೊಲೆಯ ನಡುವನ್ನು ನೋಡುವುದಿಲ್ಲ, ಸುತ್ತಿಗೆ ಹಿಡಿದು ತುದಿಯನ್ನು ತಟ್ಟಿ ಸದ್ದು ಕೇಳುತ್ತಾರೆ.

ಮೈಸೂರಿನ ಎರಡು ಕಟ್ಟಡ

ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಕಟ್ಟಡ ಎಲ್ಲರಿಗೂ ಗೊತ್ತು. ಕೆಳಗೆ ಅಂಗಡಿ ಸಾಲು, ಕಮಾನು, ಹಳೇ ಪುಸ್ತಕದ ಅಂಗಡಿಗಳು ಇದ್ದವು. ನನ್ನ ಕಾಲೇಜಿನ ಅರ್ಧ ಪುಸ್ತಕ ಅಲ್ಲಿಂದಲೇ ಬಂದದ್ದು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಅದರ ಪಕ್ಕದಲ್ಲೇ ದೇವರಾಜ ಮಾರುಕಟ್ಟೆ. ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಕುಂಕುಮದ ಗೋಪುರಗಳು. ಅದರ ಧನ್ವಂತರಿ ರಸ್ತೆ ಕಡೆಯ ಬಾಗಿಲಿನ ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅದೂ ರಿಪೇರಿ ನಡೆಯುತ್ತಿದ್ದಾಗಲೇ.

ಅಲ್ಲಿಂದ ಶುರುವಾಯಿತು ಜಗಳ. ಕೆಡವಿ, ನೋಡಲು ಹಾಗೇ ಇರುವಂತೆ ಹೊಸದು ಕಟ್ಟೋಣ ಅಂತ ಒಂದು ಕಡೆಯವರು. ಇದ್ದದ್ದನ್ನೇ ಸರಿಪಡಿಸಬಹುದು ಅಂತ ಇನ್ನೊಂದು ಕಡೆಯವರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ನಾನು ಎರಡನೇ ಕಡೆಯವನು, ಮುಚ್ಚಿಡುವುದಿಲ್ಲ. ಆದರೆ ನಾಲ್ಕು ಜನ ಸತ್ತಿದ್ದಾರೆ ಅನ್ನುವುದನ್ನು ಮರೆತು ಈ ಮಾತಾಡುವ ಹಾಗಿಲ್ಲ. ಹಳೇದು ಅಂದಮಾತ್ರಕ್ಕೆ ಎಲ್ಲವೂ ಉಳಿಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಹಾಗಾದರೆ ಉಳಿಯುತ್ತದೋ ಇಲ್ಲವೋ ಅಂತ ಹೇಳುವುದು ಹೇಗೆ? ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಬಿರುಕು ಕಂಡ ತಕ್ಷಣ ಕಟ್ಟಡ ಹೋಯಿತು ಅನ್ನಬೇಕಾಗಿಲ್ಲ. 80 ವರ್ಷದ ಹಿಂದೆ ಪಾಯ ಸ್ವಲ್ಪ ಕೂತು, ಬಿರುಕು ಬಿಟ್ಟು, ಅಲ್ಲಿಗೇ ನಿಂತಿರಬಹುದು. ಈಗಲೂ ಅಲುಗಾಡುತ್ತಿದೆಯಾ ಅನ್ನುವುದೇ ಪ್ರಶ್ನೆ. ಅದಕ್ಕೆ ಬಹಳ ಹಳೇ ಉಪಾಯವೊಂದಿದೆ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆದು ಬಿಡುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಗಾಜು ಹಾಗೇ ಇದ್ದರೆ ಬಿರುಕು ಮಲಗಿದೆ ಅಂತ ಅರ್ಥ. ಗಾಜು ಒಡೆದರೆ ಗೋಡೆ ನಡೆಯುತ್ತಿದೆ. ಈಗ ಇದಕ್ಕೆ ಅಳತೆ ಪಟ್ಟಿಗಳು, ಸೆನ್ಸರ್‌ಗಳು ಬಂದಿವೆ. ತತ್ವ ಅದೇ.

ಗಾರೆಯನ್ನೂ ಪರೀಕ್ಷೆ ಮಾಡುತ್ತಾರೆ. ಒಂದು ಚೂರು ತೆಗೆದು ಆಮ್ಲದಲ್ಲಿ ಹಾಕಿದರೆ ಸುಣ್ಣ ಕರಗಿ ಮರಳು ಉಳಿಯುತ್ತದೆ. ತೂಗಿದರೆ ಹಳಬರು ಎಷ್ಟಕ್ಕೆ ಎಷ್ಟು ಬೆರೆಸಿದ್ದರು ಅಂತ ತಿಳಿಯುತ್ತದೆ. ಮರಳು ದಪ್ಪದ್ದಾ, ಸಣ್ಣದ್ದಾ, ಇಟ್ಟಿಗೆ ಪುಡಿ ಇದೆಯಾ ಅಂತಲೂ ಗೊತ್ತಾಗುತ್ತದೆ. ಹೊಸ ಗಾರೆ ಅದಕ್ಕೆ ಹೊಂದುವ ಹಾಗೆ ಇರಬೇಕು. ಅಡುಗೆಯ ಹಾಗೇ ಇದು, ಹಳೇ ಹುಳಿಗೆ ಹೊಸ ಒಗ್ಗರಣೆ ಹಾಕುವಾಗ ಮೊದಲು ರುಚಿ ನೋಡಬೇಕಲ್ವಾ?

ಇದರ ಮೇಲೆ ನಾವು ಹೊರಿಸಿದ ಭಾರದ ಲೆಕ್ಕ ಬೇರೆ. ಹಳೇ ಕಟ್ಟಡಗಳಲ್ಲಿ ಒಳಗೆ ಕಬ್ಬಿಣದ ಪಂಜರ ಇಲ್ಲ. ಭಾರ ಗೋಡೆಯಿಂದ ಗೋಡೆಗೆ, ಕಮಾನಿನಿಂದ ಕಮಾನಿಗೆ ಇಳಿದು ನೆಲ ಸೇರುತ್ತದೆ. ಒಂದು ಕಮಾನು ಪಕ್ಕದ ಕಮಾನನ್ನು ಹೆಗಲು ಕೊಟ್ಟು ನಿಲ್ಲಿಸಿರುತ್ತದೆ. ಅಂಗಡಿ ದೊಡ್ಡದು ಮಾಡಲು ನಡುವಿನ ಗೋಡೆ ಒಡೆದರೆ ಆ ಹೆಗಲು ಹೋಯಿತು. ತಾರಸಿ ಮೇಲೆ 1000 ಲೀಟರ್ ಟ್ಯಾಂಕ್ ಇಟ್ಟರೆ ಒಂದು ಟನ್ ಭಾರ. ತಾರಸಿ ಸೋರುತ್ತದೆ ಅಂತ ಪ್ರತಿ ಹತ್ತು ವರ್ಷಕ್ಕೊಮ್ಮೆ ಎರಡಿಂಚು ಸಿಮೆಂಟ್ ಕಾಂಕ್ರೀಟ್ ಹಾಕಿಸಿದರೆ ತೊಲೆಗಳು ಹೊರುವುದು ಎಷ್ಟು? ಗೋಡೆಯೊಳಗೆ ತೂರಿಸಿದ ಕಬ್ಬಿಣ ತುಕ್ಕು ಹಿಡಿದರೆ ತನ್ನ ಗಾತ್ರಕ್ಕಿಂತ ಎಷ್ಟೋ ಪಟ್ಟು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಕಾರ್ನಿಸ್‌ನಲ್ಲಿ ಹಕ್ಕಿ ತಂದು ಹಾಕಿದ ಅರಳಿ ಬೀಜ ಮೊಳೆತರೆ ಮುಗಿದೇಹೋಯಿತು. ಇವೆಲ್ಲ ನಡೆದ ಮೇಲೆ ಕಟ್ಟಡ ಬಿದ್ದರೆ "ವಯಸ್ಸಾಗಿತ್ತು" ಅಂತ ಬರೆದು ಮುಗಿಸುತ್ತೇವೆ.

ಹಾಗಾಗಿ ರಿಪೇರಿಗೆ ಒಂದು ಕ್ರಮ ಇದೆ. ಮೊದಲು ನೀರು: ತಾರಸಿ, ಮಳೆನೀರಿನ ದೋಣಿ, ಮೋರಿ. ಆಮೇಲೆ ಭಾರ: ಬೇಡದ್ದನ್ನು ಇಳಿಸುವುದು, ಕೊಳೆತ ತೊಲೆಯ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸುವುದು, ಬಿಟ್ಟ ಸಂದಿಗಳಿಗೆ ಸುಣ್ಣದ ಹಾಲು ತುಂಬುವುದು. ಆಮೇಲೆ ಗಾರೆ. ಬಣ್ಣ ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಸಾಮಾನ್ಯವಾಗಿ ಬಣ್ಣದಿಂದ ಶುರುವಾಗುತ್ತದೆ. ದಸರೆಗೆ ಮುಂಚೆ ಮುಗಿಯಬೇಕು ನೋಡಿ.

ಕೆಡವಿದರೆ ಹೋಗುವುದೇನು?

ಪರಿಸರದ ಲೆಕ್ಕ ಹಾಕುವಾಗ ನಾವು ಕರೆಂಟ್ ಬಿಲ್ ಮಾತ್ರ ನೋಡುತ್ತೇವೆ. ಹೊಸ ಕಟ್ಟಡಕ್ಕೆ ಎಲ್‌ಇಡಿ, ಸೋಲಾರ್, ಒಳ್ಳೇ ಗಾಜು, ಎಷ್ಟು ಉಳಿತಾಯ ಅಂತ. ಕಟ್ಟುವಾಗ ಸುಟ್ಟ ಬೆಂಕಿಯ ಲೆಕ್ಕ ಅದರಲ್ಲಿ ಬರುವುದಿಲ್ಲ. ಹಳೇ ಕಟ್ಟಡದ ಇಟ್ಟಿಗೆ ಸುಟ್ಟಾಗಿದೆ, ಕಲ್ಲು ಒಡೆದಾಗಿದೆ, ತೇಗ ಕಡಿದಾಗಿದೆ. ಆ ಖರ್ಚು ನೂರು ವರ್ಷದ ಹಿಂದೆಯೇ ಮುಗಿದಿದೆ. ಕೆಡವಿದರೆ ಅದೆಲ್ಲ ಲಾರಿಯಲ್ಲಿ ಹೋಗಿ ಯಾವುದೋ ಕೆರೆಯಂಗಳ ಸೇರುತ್ತದೆ. ಹೊಸದಕ್ಕೆ ಮತ್ತೆ ಸಿಮೆಂಟ್, ಮತ್ತೆ ಕಬ್ಬಿಣ. ಸಿಮೆಂಟ್ ಗೂಡು ಸುಮಾರು 1450 ಡಿಗ್ರಿಯಲ್ಲಿ ಉರಿಯಬೇಕು. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7ರಿಂದ 8 ಶೇಕಡಾ ಸಿಮೆಂಟ್ ಒಂದರಿಂದಲೇ ಬರುತ್ತದೆ. ಸುಣ್ಣದ ಗೂಡೂ ಹೊಗೆ ಬಿಡುತ್ತದೆ, ಅದು ನಿಜ. ಆದರೆ ಬಿಟ್ಟದ್ದರಲ್ಲಿ ಒಂದು ಪಾಲನ್ನು ಗೋಡೆ ವಾಪಸ್ ಹೀರಿಕೊಳ್ಳುತ್ತದೆ.

ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಈ ಲೆಕ್ಕವನ್ನು 2012ರಲ್ಲಿ ಹಾಕಿ ತೋರಿಸಿತು. ಹಳೇದನ್ನು ಬಿಟ್ಟು ಶೇಕಡಾ 30ರಷ್ಟು ಜಾಸ್ತಿ ಮಿತವ್ಯಯದ ಹೊಸ ಕಟ್ಟಡ ಕಟ್ಟಿದರೂ, ಕಟ್ಟುವಾಗ ಆದ ಹಾನಿಯನ್ನು ಆ ಉಳಿತಾಯದಿಂದ ತೀರಿಸಲು 10ರಿಂದ 80 ವರ್ಷ ಬೇಕು ಅಂತ. ನಮ್ಮಲ್ಲಿ 1980ರ ದಶಕದ ಕಾಂಕ್ರೀಟ್ ಕಟ್ಟಡಗಳನ್ನೇ ಈಗ ಕೆಡವುತ್ತಿದ್ದೇವೆ. ಸಾಲ ತೀರುವ ಮುಂಚೆಯೇ ಹೊಸ ಸಾಲ.

ಸರಿ, ಇಷ್ಟೆಲ್ಲ ಒಳ್ಳೆಯದಾದರೆ ಯಾಕೆ ಯಾರೂ ಮಾಡುವುದಿಲ್ಲ? ಒಂದು ಕಾರಣ ಟೆಂಡರ್. ಹೊಸ ಕಟ್ಟಡದಲ್ಲಿ ಎಷ್ಟು ಸಿಮೆಂಟ್, ಎಷ್ಟು ಕಬ್ಬಿಣ ಅಂತ ಮುಂಚೆಯೇ ಬರೆಯಬಹುದು. ಹಳೇ ಗೋಡೆಯಲ್ಲಿ ಗಾರೆ ಬಿಚ್ಚುವ ತನಕ ಒಳಗೇನಿದೆ ಅಂತ ಯಾರಿಗೂ ಗೊತ್ತಿಲ್ಲ. ಬಿಚ್ಚಿದ ಮೇಲೆ ಅಂದಾಜು ಬದಲಾಗುತ್ತದೆ, ಫೈಲ್ ಮತ್ತೆ ಮೇಲೆ ಹೋಗಬೇಕು. ಕಡಿಮೆ ರೇಟಿಗೆ ಬರೆದವರಿಗೆ ಕೆಲಸ, ಅವರ ಬಳಿ ಸುಣ್ಣ ಅರೆಯುವ ಗಾಣವೂ ಇಲ್ಲ, ತಿಳಿದ ಗಾರೆಯವರೂ ಇಲ್ಲ. ಸುಣ್ಣವನ್ನು ನೀರಿನಲ್ಲಿ ಕೊಳೆಹಾಕಿ ವಾರಗಟ್ಟಲೆ ಬಿಡಬೇಕು. ಮಾರ್ಚ್ 31ರೊಳಗೆ ಬಿಲ್ ಆಗಬೇಕಾದವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಖಾಸಗಿ ಮನೆಗಳ ಕಥೆ ಇನ್ನೂ ಜಟಿಲ. ಸಂರಕ್ಷಿತ ಸ್ಮಾರಕವಾದರೆ ಕೇಂದ್ರದ ಕಾನೂನು ಸುತ್ತಲಿನ 100 ಮೀಟರ್‌ನಲ್ಲಿ ಹೊಸ ಕಟ್ಟಡಕ್ಕೆ ಬಿಡುವುದಿಲ್ಲ. ಜನ ವಾಸ ಮಾಡುವ ಹಳೇ ಮನೆಗೆ ಆ ರಕ್ಷಣೆಯೂ ಇಲ್ಲ, ಸಹಾಯವೂ ಇಲ್ಲ. ಪೇಟೆ ನಡುವಿನ ಮನೆಗೆ ಆರೇಳು ವಾರಸುದಾರರು. ಒಬ್ಬರು ಮೇಲಿನ ಮಹಡಿಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ನ್ಯೂಜೆರ್ಸಿಯಲ್ಲಿ. ಕೆಳಗಿನ ಅಂಗಡಿಯ ಬಾಡಿಗೆ ತಾತನ ಕಾಲದ್ದು. ಸೈಟಿನ ಬೆಲೆ ಕೋಟಿ, ಮನೆಯ ಬೆಲೆ ಸೊನ್ನೆ. ಇವರಿಗೆ "ಪರಂಪರೆ ಉಳಿಸಿ" ಅಂತ ಬೋರ್ಡ್ ಹಾಕಿ ಹೇಳಿದರೆ ಸಿಟ್ಟು ಬಾರದೆ ಏನು ಬರುತ್ತದೆ?

ಅದಕ್ಕೊಂದು ದಾರಿ ಟಿಡಿಆರ್, ಅಂದರೆ ಕಟ್ಟುವ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದು. ಉದಾಹರಣೆಗೆ ನಿಮ್ಮ ಸೈಟಿನಲ್ಲಿ ಕಾನೂನಿನ ಪ್ರಕಾರ ನಾಲ್ಕು ಮಹಡಿ ಕಟ್ಟಬಹುದು. ಪಾರಂಪರಿಕ ಮನೆ ಇರುವುದರಿಂದ ಎರಡಕ್ಕೇ ನಿಂತಿದ್ದೀರಿ. ಉಳಿದ ಎರಡು ಮಹಡಿಯ ಹಕ್ಕನ್ನು ಸರ್ಟಿಫಿಕೇಟ್ ಮಾಡಿ ಕೊಡುತ್ತಾರೆ. ಊರಿನ ಬೇರೆ ಕಡೆ ಎತ್ತರ ಕಟ್ಟುವ ಬಿಲ್ಡರ್‌ಗೆ ನೀವು ಅದನ್ನು ಮಾರಬಹುದು. ಆ ದುಡ್ಡಿನಿಂದ ಮನೆ ರಿಪೇರಿ. ಮುಂಬೈ 1995ರಲ್ಲೇ ಹೆರಿಟೇಜ್ ನಿಯಮ ತಂದಿತು. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅಹಮದಾಬಾದ್ ಹಳೇ ಪೇಟೆಯ ಪೋಲ್ ಅನ್ನುವ ಒತ್ತೊತ್ತಾದ ಕೇರಿಗಳಲ್ಲೂ ಮರದ ಮನೆಗಳಿಗೆ ಇಂಥ ಹಕ್ಕು ಕೊಡುತ್ತಾರೆ. ದುಡ್ಡು ನಿಜವಾಗಿ ರಿಪೇರಿಗೇ ಹೋಯಿತಾ ಅಂತ ನೋಡುವವರು ಬೇಕು. ಅದಿಲ್ಲದಿದ್ದರೆ ಇದೂ ಒಂದು ವ್ಯಾಪಾರವಾಗಿಬಿಡುತ್ತದೆ.

ಜನರನ್ನು ಏನು ಮಾಡುತ್ತೀರಿ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಇಟಲಿಯ ಬೊಲೋನ್ಯ 1970ರ ದಶಕದಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟಿತು. ಬಡವರಿಗೆ ಊರಾಚೆ ಮನೆ ಕಟ್ಟಲು ಇದ್ದ ಸರ್ಕಾರಿ ದುಡ್ಡನ್ನು ಹಳೇ ಪೇಟೆಯ ಮನೆಗಳನ್ನು ಸರಿಪಡಿಸಲು ಬಳಸಿ, ಅಲ್ಲಿದ್ದ ಕೆಲಸಗಾರರೇ ಅಲ್ಲಿ ಉಳಿಯುವ ಹಾಗೆ ನೋಡಿಕೊಂಡಿತು. ನಮ್ಮ ಹಂಪಿಯಲ್ಲಿ ನಡೆದದ್ದು ಉಲ್ಟಾ. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಸಂಸಾರ ಮಾಡುತ್ತಿದ್ದವರನ್ನು ಎಬ್ಬಿಸಿದರು. ಮಂಟಪಗಳಿಗೆ ಗೋಡೆ ಕಟ್ಟಿ ಹಾಳು ಮಾಡಿದ್ದರು ಅನ್ನುವುದೂ ಸುಳ್ಳಲ್ಲ. ಆದರೆ ಸಂಜೆ ಆರರ ಮೇಲೆ ಆ ಬೀದಿಯಲ್ಲಿ ನಡೆದು ನೋಡಿ. ಬಜಾರು ಅನ್ನುವ ಹೆಸರು ಮಾತ್ರ ಇದೆ.

ಹಾಗೇ ಇರುವಂತೆ ಹೊಸದು ಕಟ್ಟುವುದರ ಬಗ್ಗೆಯೂ ಹೇಳಬೇಕು. ಪುದುಚೇರಿಯ ಸಮುದ್ರ ತೀರದಲ್ಲಿದ್ದ ಫ್ರೆಂಚರ ಕಾಲದ ಪುರಭವನ 2014ರ ನವೆಂಬರ್‌ನಲ್ಲಿ ಮಳೆಗೆ ಕುಸಿಯಿತು. ಅದೇ ಜಾಗದಲ್ಲಿ ಅದೇ ರೂಪದಲ್ಲಿ ಕಟ್ಟಿ 2021ರಲ್ಲಿ ತೆರೆದರು. ಪೂರ್ತಿ ಬಿದ್ದುಹೋದ ಮೇಲೆ ಅದು ಸರಿಯಾದ ನಿರ್ಧಾರವೇ. ಊರಿನ ಮುಖ ಮರಳಿ ಬಂತು. ನನ್ನ ತಕರಾರು ನಿಂತಿರುವುದನ್ನು ಕೆಡವಿ ಅದರ ನಕಲು ಕಟ್ಟುವುದರ ಮೇಲೆ. ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಜ್ಯಾಕ್ ಕೊಟ್ಟು ಎತ್ತಿ, ಸುಮಾರು 1000 ಟನ್ ತೂಕವನ್ನು 100 ಮೀಟರ್‌ಗೂ ಜಾಸ್ತಿ ದೂರ ಸರಿಸಿ ಕೂರಿಸಿದ್ದಾರೆ. ಇಟ್ಟಿಗೆ ಇಟ್ಟಿಗೆಯೂ ಹಾಗೇ ಇದೆ. ಅಷ್ಟು ಮಾಡಬಲ್ಲವರು ಒಂದು ಕಮಾನಿಗೆ ಊರುಗೋಲು ಕೊಟ್ಟು ತೊಲೆ ಬದಲಾಯಿಸಲಾರರಾ?

ನಮ್ಮ ತಾತನ ಮನೆಗೆ ಕೊನೆಗೆ ತಿ. ನರಸೀಪುರದ ಕಡೆಯ ಹಿರಿಯ ಗಾರೆಯವರೊಬ್ಬರು ಸಿಕ್ಕರು. ಅವರು ಒಳಗೆ ಬರುವ ಮುಂಚೆ ಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿದರು. ಬಚ್ಚಲ ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒಂದು ಚೊಂಬು ನೀರು ಸುರಿದು, ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾ ಕೂತರು. ಅರ್ಧ ಮೋರಿಯಲ್ಲಿ ಹರಿಯಿತು, ಅರ್ಧ ಗೋಡೆಯ ಬುಡದ ಬಿರುಕಿಗೆ ಇಳಿಯಿತು. "ಇಲ್ಲಿದೆ ನೋಡಿ ನಿಮ್ಮ ರೋಗ" ಅಂದರು. ಮೋರಿ ಸರಿ ಮಾಡಲು ಅರ್ಧ ದಿನ ಹಿಡಿಯಿತು. ಸಿಮೆಂಟ್ ಕಿತ್ತ ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಹಾಗೇ ಬೆತ್ತಲೆ ಬಿಟ್ಟು ಒಣಗಿಸಿ, ಆಮೇಲೆ ಸುಣ್ಣದ ಗಾರೆ ಮಾಡಿದರು.

ಮಳೆಗಾಲದಲ್ಲಿ ಈಗಲೂ ಗೋಡೆಯ ಬುಡ ಗೇಣುದ್ದ ಕಪ್ಪಾಗುತ್ತದೆ. ಸಂಕ್ರಾಂತಿ ಹೊತ್ತಿಗೆ ಆರುತ್ತದೆ. ಯುಗಾದಿಗೆ ವಾರದ ಮುಂಚೆ ಸುಣ್ಣ ಹೊಡೆಯುತ್ತೇವೆ, ತಾತ ಮಾಡಿಸುತ್ತಿದ್ದ ಹಾಗೇ. ಒರಗಿ ಕೂತರೆ ಬಟ್ಟೆಗೆಲ್ಲ ಬಿಳಿ ಹತ್ತುತ್ತದೆ, ಆ ಪೇಂಟೇ ಚೆನ್ನಾಗಿತ್ತು ಅಂತ ಅಮ್ಮ ಇವತ್ತಿಗೂ ಗೊಣಗುತ್ತಾರೆ.